ಐದು ತಾಯಂದಿರ ಪೆಟ್ಟಿಗೆ

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ೧೯೬೩ನೆಯ ಇಸವಿ ಜುಲೈ ೧, ಸೋಮವಾರದಂದು ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಬಡಿಸುವ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರನ್ನು ಕರೆಯುವವರೇ ಇಲ್ಲವಾದರು. ಸೌಟು ಹಿಡಿದು ಬೆಂಚುಗಳ ಸಾಲಿನ ನಡುವೆ ಬಂದರೆಂದರೆ ಅವರ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: "ಇನ್ನೊಂದಿಷ್ಟು?" ಕೇಳುವುದು ಬರಿಯ ಉಪಚಾರಕ್ಕೆ, ಉತ್ತರ ಬರುವುದರೊಳಗೆ ಬಡಿಸಬೇಕಾದ್ದು ತಟ್ಟೆಯಲ್ಲಿ ಬಿದ್ದಾಗಿರುತ್ತಿತ್ತು. ಎರಡು ಅಂಗೈಗಳನ್ನೂ ಅಡ್ಡ ಹಿಡಿದು ಬೇಡವೆಂದವರಿಗೆ ಬೆರಳ ಸಂದಿಯಿಂದ ಬಡಿಸಿದ ಕೀರ್ತಿ ಅವರದು. ಹೊಟ್ಟೆ ಬಿರಿಯುವಂತೆ ಉಂಡ ಹುಡುಗರು ಅವರನ್ನು ಇನ್ನೊಂದಿಷ್ಟಣ್ಣ ಎಂದು ಕರೆದರು. ಹುಡುಗರು ಓದು ಮುಗಿಸಿ ಹೋದರು, ಹೆಸರು ಮಾತ್ರ ಅವರಿಗೆ ಅಂಟಿಕೊಂಡು ಉಳಿಯಿತು.

೧೯೮೬ರಲ್ಲಿ ಆ ವಿದ್ಯಾರ್ಥಿನಿಲಯ ಮುಚ್ಚಿತು. ಇನ್ನೊಂದಿಷ್ಟಣ್ಣ ಎಲೆಕೋಸು ಬೆಳೆಗಾರರ ಸಂಘದಲ್ಲಿ ಕ್ರೇಟು ಎತ್ತಿಡುವ ಕೆಲಸಕ್ಕೆ ಸೇರಿದರು. ಬೆನ್ನಿಗೆ ಅದು ಒಗ್ಗಲಿಲ್ಲ. ಮನಸ್ಸಿಗಂತೂ ಸುತರಾಂ ಒಗ್ಗಲಿಲ್ಲ. ಕ್ರೇಟು ಉಣ್ಣುವುದಿಲ್ಲ, ಬೇಡವೆನ್ನುವುದಿಲ್ಲ, ತೃಪ್ತಿಯಿಂದ ತೇಗುವುದಿಲ್ಲ. ಆರು ವರ್ಷ ಹೀಗೆ ಸವೆಸಿದ ಮೇಲೆ, ೧೯೯೨ನೆಯ ಇಸವಿ ಮಾರ್ಚ್ ೯ರಂದು, ಸಂಘದ ಕಟ್ಟಡದ ಹಿಂಬದಿಯಲ್ಲಿ ಒಂದರೊಳಗೊಂದು ತೆರೆದುಕೊಳ್ಳುವ ಮೂರು ಕೋಣೆಗಳ ಬೀಗದ ಕೈ ಅವರಿಗೆ ದೊರೆಯಿತು. ಅಂದು ಅವರ ಬಾಳಿನ ಎರಡನೆಯ ಬಡಿಸುವಿಕೆ ಆರಂಭವಾಯಿತೆನ್ನಬೇಕು.

ಆ ಕೋಣೆಗಳಲ್ಲಿ ಬೆಳೆಯುತ್ತಿದ್ದುದು ಕಣಜ. ಕಣಜವೆಂದೊಡನೆ ಯಾರೂ ಕೆನ್ನೆ ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಇದು ಸಣ್ಣ ಇರುವೆಯಷ್ಟಿರುವ ಕಪ್ಪು ಜೀವ. ಮನುಷ್ಯರ ಗೋಜಿಗೆ ಬರುವುದೇ ಇಲ್ಲ. ಎಲೆಕೋಸನ್ನು ಜರಡಿ ಮಾಡುವ ಹಸಿರು ಹುಳುವೊಂದಿದೆಯಷ್ಟೆ, ಆ ಹುಳುವಿನ ಮೈಯೊಳಗೆ ಈ ಕಣಜದ ತಾಯಿ ತನ್ನ ಸೂಜಿಯಂತಹ ನಳಿಕೆಯಿಂದ ಚುಚ್ಚಿ ಮೊಟ್ಟೆಯಿಡುತ್ತದೆ. ಮರಿ ಒಳಗೇ ಬೆಳೆದು, ಒಂದು ವಾರದ ಮೇಲೆ ಹೊರಬಂದು, ಅಕ್ಕಿಕಾಳಿನಷ್ಟು ಗಾತ್ರದ ಬಿಳಿಯ ಗೂಡು ಕಟ್ಟಿಕೊಳ್ಳುತ್ತದೆ. ಹುಳುವಿನ ಕತೆ ಅಲ್ಲಿಗೆ ಮುಗಿಯಿತು. ಆ ಗೂಡುಗಳನ್ನು ಕಾಗದದ ಲೋಟಗಳಲ್ಲಿ ಹಾಕಿ ಬೆಳೆಗಾರರಿಗೆ ಕೊಟ್ಟರೆ, ಅವರು ಅದನ್ನು ತೋಟದಲ್ಲಿ ಇಡುತ್ತಾರೆ. ಗೂಡೊಡೆದು ಬಂದ ಕಣಜಗಳು ಉಳಿದ ಹುಳುಗಳ ಬೆನ್ನು ಹತ್ತುತ್ತವೆ. ವಿಷದ ಸಿಂಪರಣೆ ತಪ್ಪುತ್ತದೆ.

ಮೊದಲ ಕೋಣೆಯಲ್ಲಿ ತಟ್ಟೆ ತಟ್ಟೆಯಾಗಿ ಸಾಸಿವೆ ಸಸಿ, ನಡುಕೋಣೆಯಲ್ಲಿ ಆ ಸಸಿಗಳನ್ನು ಮೇಯುವ ಹುಳು, ಒಳಕೋಣೆಯಲ್ಲಿ ಎಂಟು ಮರದ ಪೆಟ್ಟಿಗೆಗಳು. ಪೆಟ್ಟಿಗೆಯ ಮುಂಬದಿಗೆ ಗಾಜು, ಉಳಿದ ಬದಿಗಳಿಗೆ ತೆಳುಬಟ್ಟೆ, ಕೈ ತೂರಿಸಲು ಒಂದು ಬಟ್ಟೆಯ ತೋಳು. ಆ ಎಂಟು ತೋಳುಗಳನ್ನು ಹೊಲಿದುಕೊಟ್ಟವರು ಇನ್ನೊಂದಿಷ್ಟಣ್ಣನ ಹೆಂಡತಿ. ಮನೆಯ ಮುಂಗೋಣೆಯಲ್ಲಿ ಅವರ ಹೊಲಿಗೆಯ ಅಂಗಡಿ, ಕೊರಳಲ್ಲಿ ಸದಾ ಅಳತೆಯ ಟೇಪು.

ಕೆಲಸದ ಕಟ್ಟಳೆ ಹಾಕಿಕೊಟ್ಟವರು ಸಂಶೋಧನಾಲಯದಿಂದ ಪ್ರತಿ ಸೋಮವಾರ ಬರುತ್ತಿದ್ದ ಕೀಟಶಾಸ್ತ್ರದ ಮೇಡಂ. ವಯಸ್ಸಿನಲ್ಲಿ ಇನ್ನೊಂದಿಷ್ಟಣ್ಣನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಷ್ಟೆ. ಕಟ್ಟಳೆ ಸರಳವಾದದ್ದು: ಒಂದು ಪೆಟ್ಟಿಗೆಗೆ ನೂರು ಹುಳು, ನೂರು ಹುಳುವಿಗೆ ಐದು ತಾಯಿ, ಒಂದೇ ಒಂದು ಹಗಲು. ಆಮೇಲೆ ತಾಯಂದಿರು ಹೊರಗೆ.

"ಐದೇನಾ ಮೇಡಂ?" ಎಂದು ಮೊದಲ ದಿನವೇ ಇನ್ನೊಂದಿಷ್ಟಣ್ಣ ಮುಖ ಸಪ್ಪೆ ಮಾಡಿಕೊಂಡು ಕೇಳಿದ್ದರು. "ಇಷ್ಟು ದೊಡ್ಡ ಪೆಟ್ಟಿಗೇಲಿ ಐದೇ ಜನ ಅಂದ್ರೆ ಪಾಪ, ಮಾತಾಡೋಕೂ ಯಾರೂ ಸಿಗಲ್ವಲ್ಲ."

"ಮಾತಾಡೋಕಲ್ಲಣ್ಣ ಅವು ಬಂದಿರೋದು" ಎಂದು ಮೇಡಂ ನಕ್ಕಿದ್ದರು. "ಐದು ಅಂದ್ರೆ ಐದು."

ಆರು ವರ್ಷ ಕಾಲ ಐದು ಐದಾಗಿಯೇ ಇತ್ತು. ಪ್ರತಿ ಸೋಮವಾರ ಬಂದು ಗಾಜಿನೊಳಗೆ ಇಣುಕುವ ಎರಡು ಕಣ್ಣುಗಳ ಭಯವೂ ಅದಕ್ಕೆ ಕಾರಣವೆನ್ನಬಹುದು. ವಾರಕ್ಕೊಮ್ಮೆ ಐನೂರರ ಆಸುಪಾಸಿನಲ್ಲಿ ಗೂಡು ಬರುತ್ತಿತ್ತು, ಸಂಘಕ್ಕೆ ಅದು ಸಾಕಾಗುತ್ತಿತ್ತು.

೧೯೯೮ನೆಯ ಇಸವಿ ಏಪ್ರಿಲ್ ೬ರಂದು ಮೇಡಂ ತರಬೇತಿಗೆಂದು ಐದು ವಾರ ಪರಸ್ಥಳಕ್ಕೆ ಹೋದರು. ಏಪ್ರಿಲ್ ೮ರಂದು ಸಂಘದ ಕಾರ್ಯದರ್ಶಿ ಒಳಕೋಣೆಯ ಬಾಗಿಲಲ್ಲಿ ನಿಂತರು. ಸಣಕಲು ಆಳು, ಸದಾ ಅವಸರ, ಸೊಂಟದಲ್ಲಿ ನೇತಾಡುವ ಬೀಗದ ಕೈ ಗೊಂಚಲು ಅವರಿಗಿಂತ ಮೊದಲೇ ಬಂದು ಸುದ್ದಿ ಹೇಳುತ್ತಿತ್ತು.

"ಇನ್ನೊಂದಿಷ್ಟಣ್ಣ, ಈ ಸಲ ಹೊಸ ಸದಸ್ಯರು ತುಂಬಾ ಸೇರ್ಕೊಂಡಿದಾರೆ. ಮೇ ಇಪ್ಪತ್ತೈದಕ್ಕೆ ನಾಟಿ ಶುರು. ಅವತ್ತಿಗೆ ಸಾವಿರ ಗೂಡು ಬೇಕು, ಒಂದೂ ಕಮ್ಮಿ ಆಗೋ ಹಾಗಿಲ್ಲ."

ಬಡಿಸುವವನಿಗೆ ಹೆಚ್ಚು ಜನ ಬಂದಿದ್ದಾರೆಂಬ ಸುದ್ದಿಗಿಂತ ಹಿಗ್ಗು ಬೇರೆ ಯಾವುದಿದೆ? "ಸಾವಿರ ಏನ್ ಸಾರ್, ಮೇಲೆ ಇನ್ನೊಂದಿಷ್ಟು ಕೊಡೋಣ" ಎಂದುಬಿಟ್ಟರು.

ಕಾರ್ಯದರ್ಶಿಯ ಗೊಂಚಲಿನ ಸದ್ದು ದೂರವಾದ ಮೇಲೆ ಅವರು ಪೆಟ್ಟಿಗೆಗಳ ಮುಂದೆ ಕುಳಿತು ಲೆಕ್ಕ ಹಾಕಿದರು. ಐದು ಜನ ಬಡಿಸಿದರೆ ಐನೂರು ಎಲೆ. ಹತ್ತು ಜನ ಬಡಿಸಿದರೆ ಸಾವಿರ ಎಲೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದು ಏನಿದೆ? ಅಂದೇ ಪ್ರತಿ ಪೆಟ್ಟಿಗೆಗೆ ಹತ್ತು ತಾಯಂದಿರನ್ನು ಬಿಟ್ಟರು. ಗಾಜಿನೊಳಗೆ ಸಂತೆ ಕೂಡಿದಂತಾಯಿತು. ಒಂದು ಹುಳುವಿನ ಬೆನ್ನಿಗೆ ಒಂದು, ಇನ್ನೊಂದರ ಬೆನ್ನಿಗೆ ಎರಡು. ಎಲ್ಲ ಹುಳುಗಳಿಗೂ ಚುಚ್ಚು ಬಿತ್ತು. ಇನ್ನೊಂದಿಷ್ಟಣ್ಣನ ಕಣ್ಣು ತಂಪಾಯಿತು.

ಗೂಡುಗಳು ಮಾತ್ರ ನಾನೂರೂ ಆಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಂತು ಹಿಂದಿರುಗಿ ನೋಡುತ್ತಿದ್ದರು. ಆದರೆ ಇಪ್ಪತ್ತಮೂರು ವರ್ಷ ಸೌಟು ಹಿಡಿದ ಕೈಗೆ ಕೊರತೆಯೆಂದರೆ ಒಂದೇ ಅರ್ಥ, ಅದಕ್ಕೆ ಮದ್ದೂ ಒಂದೇ. ಪೆಟ್ಟಿಗೆಗೆ ಇಪ್ಪತ್ತು ತಾಯಂದಿರಾದರು. ಗೂಡು ಇನ್ನೂರೈವತ್ತಕ್ಕೆ ಇಳಿಯಿತು. ಅವರು ಮೂವತ್ತು ಹಾಕಿದರು. ಈಗ ತಾಯಂದಿರು ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನರಂತೆ ಒಂದರ ಮೇಲೊಂದು ಹತ್ತಿ ಇಳಿಯತೊಡಗಿದವು. ಚುಚ್ಚಲು ಹೊರಟವಳನ್ನು ಹಿಂದಿನವಳು ತಳ್ಳುವುದು, ತಳ್ಳಿದವಳನ್ನು ಮತ್ತೊಬ್ಬಳು ತುಳಿಯುವುದು. ಹುಳುಗಳು ಗೂಡು ಕೊಡುವ ಮೊದಲೇ ಕಂದು ತಿರುಗಿ ಸಸಿಯ ಬುಡಕ್ಕೆ ಉದುರುತ್ತಿದ್ದವು. ಬಂದ ಕೆಲವೇ ಗೂಡುಗಳಿಂದ ಹೊರಬಿದ್ದವುಗಳಲ್ಲಿ ಮುಕ್ಕಾಲು ಪಾಲು ಗಂಡು. ಗಂಡಿಗೆ ಮೀಸೆ ಉದ್ದ, ನಳಿಕೆ ಇಲ್ಲ. ಚುಚ್ಚುವ ಕೆಲಸಕ್ಕೆ ಅದು ಬಾರದು. ಜೇನು ನೆಕ್ಕುತ್ತ ಗಾಜಿನ ಮೇಲೆ ಅಡ್ಡಾಡಿಕೊಂಡಿರುತ್ತಿತ್ತು.

ಈ ನಡುವೆ ಮನೆಯಲ್ಲಿಯೂ ಸಂಭ್ರಮ. ಏಪ್ರಿಲ್ ೨೯, ಬುಧವಾರ, ಮಗಳಿಗೆ ಹೆಣ್ಣು ಮಗುವಾಯಿತು. ಸುದ್ದಿ ಮುಟ್ಟಿದ ಮರುದಿನವೇ ಮೂರು ಚೀಲ, ಮೂರು ಹಾಸಿಗೆಗಳೊಡನೆ ಮೂವರು ಬಂದಿಳಿದರು: ಇನ್ನೊಂದಿಷ್ಟಣ್ಣನ ದೊಡ್ಡಕ್ಕ, ಚಿಕ್ಕಕ್ಕ, ಹೆಂಡತಿಯ ಅಕ್ಕ. ಮೂವರೂ ಹತ್ತಾರು ಮಕ್ಕಳನ್ನು ಎತ್ತಿ ಆಡಿಸಿದವರು. ಮೂವರಿಗೂ ತಮ್ಮ ಕೈಯೇ ಪಳಗಿದ ಕೈ ಎಂಬ ನಂಬಿಕೆ.

ಮೇ ೬ರಂದು ಕಾರ್ಯದರ್ಶಿ ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಬಡಗಿಯಿದ್ದ. ಬಡಗಿ ಯಾರನ್ನೂ ಏನನ್ನೂ ಕೇಳದೆ ಗೋಡೆಗೆ ಟೇಪು ಹಿಡಿದು, ಕಿವಿಯ ಸಂದಿಯ ಸೀಸದಕಡ್ಡಿ ತೆಗೆದು, ಸುಣ್ಣದ ಮೇಲೆ ಗೀಟು ಹಾಕತೊಡಗಿದ.

"ಇದೇನು ಸಾರ್?" ಎಂದರು ಇನ್ನೊಂದಿಷ್ಟಣ್ಣ.

"ಅಳತೆ ತಗೊಂಡಿಡ್ಲಿ ಅಂತ." ಕಾರ್ಯದರ್ಶಿ ಉದುರಿದ ಹುಳುಗಳನ್ನು ಚಪ್ಪಲಿಯ ತುದಿಯಿಂದ ತೋರಿಸಿದರು. "ನೋಡಣ್ಣ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಕ್ರೇಟು ಬಿಸಿಲಲ್ಲಿ ಬಿದ್ದಿದೆ, ಇಲ್ಲಿ ಸತ್ತ ಹುಳು ನೆರಳಲ್ಲಿ ಬಿದ್ದಿದೆ. ಇಪ್ಪತ್ತೈದಕ್ಕೆ ಸಾವಿರ ಗೂಡು ಬಂತೋ, ಕೋಣೆ ನಿಂದು. ಬರಲಿಲ್ವೋ, ಇಲ್ಲಿ ಕ್ರೇಟಿನ ಅಟ್ಟಣೆ. ಬೆಳೆಗಾರರು ಮೊದಲಿನ ಹಾಗೆ ಔಷಧಿ ಹೊಡ್ಕೋತಾರೆ."

"ಮತ್ತೆ ನಾನು?"

"ನಿಂಗೆ ಕೆಲಸ ಎಲ್ಲಿಗೂ ಹೋಗಲ್ಲಪ್ಪ. ಕ್ರೇಟು ಎತ್ತಿಡೋಕೆ ಯಾರಾದ್ರೂ ಬೇಕಲ್ಲ."

ಇದು ಸಮಾಧಾನದ ಮಾತೆಂದೇ ಕಾರ್ಯದರ್ಶಿ ತಿಳಿದಿದ್ದರು. ಅವರು ಹೋದ ಮೇಲೆ ಇನ್ನೊಂದಿಷ್ಟಣ್ಣ ಗೋಡೆಯ ಮೇಲಿನ ಸೀಸದಕಡ್ಡಿಯ ಗೀಟುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿದರು. ಹೋಗಲಿಲ್ಲ. ಮೂರು ಕೋಣೆಗಳನ್ನೂ ಒಂದು ಸುತ್ತು ಹಾಕಿ, ಬೇರೆ ದಾರಿ ತೋಚದೆ, ಉಳಿದಿದ್ದ ತಾಯಂದಿರನ್ನೆಲ್ಲ ಹುಡುಕಿ ತೆಗೆದು ಎರಡೇ ಪೆಟ್ಟಿಗೆಗಳಿಗೆ ಸುರಿದರು. ಕೂಡಿ ದುಡಿದರೆ ಆಗದ್ದುಂಟೆ ಎಂಬುದು ಅವರ ಎಣಿಕೆ.

ಮೇ ೧೦, ಭಾನುವಾರ. ಬೆಳಿಗ್ಗೆ ಮನೆಯ ಹಿತ್ತಿಲಿನ ಹಗ್ಗದ ಮೇಲೆ ಬಟ್ಟೆ ಹರವಲು ಹೋದ ಹೆಂಡತಿ ಅಲ್ಲಿಯೇ ನಿಂತರು. ಹಗ್ಗದ ಮೇಲೆ ಮಗುವಿನ ಟವೆಲುಗಳು ಮೂರು. ಮೂರೂ ಒದ್ದೆ. ಒಳಗೆ ಮಗು ಸೀನುತ್ತಿತ್ತು. ಒಂದು ಸೀನಿನ ಹಿಂದೆ ಇನ್ನೊಂದು.

"ಮಗೂಗೆ ಇವತ್ತು ಸ್ನಾನ ಮಾಡಿಸಿದ್ದು ಯಾರು?" ಎಂದು ಅವರು ಒಳಬಂದು ಕೇಳಿದರು.

"ನಾನು" ಎಂದರು ದೊಡ್ಡಕ್ಕ. "ಎಲ್ಲರೂ ಏಳೋ ಮುಂಚೆ ಮುಗಿಸ್ಬಿಟ್ಟೆ."

"ನೀನೆಲ್ಲಿ ಮಾಡಿಸಿದ್ದೆ? ನಾನಲ್ವಾ ಮಾಡಿಸಿದ್ದು" ಎಂದರು ಚಿಕ್ಕಕ್ಕ. "ನೀನು ಆಗ ತರಕಾರಿ ತರೋಕೆ ಹೋಗಿದ್ದೆ."

ಹೆಂಡತಿಯ ಅಕ್ಕ ಮಗುವಿನ ಹಾಸಿಗೆ ಸರಿಪಡಿಸತೊಡಗಿದರು. ಅವರ ಸೆರಗು ಒದ್ದೆಯಾಗಿತ್ತು.

"ನೀನೂನಾ ಅಕ್ಕ?"

"ಮಗು ಎಚ್ಚರವಾಗಿತ್ತು ಕಣೆ" ಎಂದರು ಅವರು ತಗ್ಗಿದ ದನಿಯಲ್ಲಿ. "ಸುಮ್ನೆ ಮಲಗಿತ್ತು, ನೋಡೋರು ಯಾರೂ ಇಲ್ವೇನೋ ಅಂದ್ಕೊಂಡೆ."

ಹೆಂಡತಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಚಾಟಿಯಂತೆ ಮಡಿಸಿ ಹಿಡಿದರು. "ಒಂದು ಅಂಗಿಗೆ ಮೂರು ಜನ ಕತ್ತರಿ ಹಾಕಿದ್ರೆ ಕರವಸ್ತ್ರಾನೂ ಉಳಿಯಲ್ಲ! ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರಿಗೂ ಪ್ರೀತಿ, ಮಗೂಗೆ ನೆಗಡಿ. ನಾಳೆಯಿಂದ ದಿನಕ್ಕೊಬ್ಬರು. ಉಳಿದಿಬ್ಬರು ಬಾಗಿಲಾಚೆ."

"ಏನೋ ತಮ್ಮ, ನಿನ್ನ ಹೆಂಡತಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದಾಳೆ, ನೀನು ನೋಡ್ಕೊಂಡು ನಿಂತಿದೀಯಲ್ಲ" ಎಂದು ದೊಡ್ಡಕ್ಕ ಆಕ್ಷೇಪಿಸಿದರು.

ಇನ್ನೊಂದಿಷ್ಟಣ್ಣ ಬಾಗಿಲ ಬಳಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಅವರ ಕಣ್ಣು ಕಿಟಕಿಯಾಚೆಯ ಮೂರು ಟವೆಲುಗಳ ಮೇಲಿತ್ತು. ಏನೋ ನೆನಪಿಗೆ ಬಂದೂ ಬಾರದಂತಾಯಿತು. ಅಷ್ಟರಲ್ಲಿ ಮಗು ಮತ್ತೆ ಸೀನಿತು.

ಮರುದಿನ, ಮೇ ೧೧ರ ಸೋಮವಾರ, ಮೇಡಂ ಹಿಂದಿರುಗಿದರು. ಒಳಕೋಣೆಗೆ ಕಾಲಿಟ್ಟವರು ಆರು ಖಾಲಿ ಪೆಟ್ಟಿಗೆಗಳನ್ನು ನೋಡಿದರು. ಎರಡು ತುಂಬಿದ ಪೆಟ್ಟಿಗೆಗಳನ್ನು ನೋಡಿದರು. ಆಮೇಲೆ ಇನ್ನೊಂದಿಷ್ಟಣ್ಣನ ಮುಖ ನೋಡಿದರು.

"ಎಷ್ಟು ತಾಯಿ ಹಾಕಿದ್ರಿ?"

"ಅದೇ ಮೇಡಂ... ಐದಕ್ಕೆ ಮೇಲೆ..."

"ಇನ್ನೊಂದಿಷ್ಟು?"

"ಹೌದು ಮೇಡಂ."

ಮೇಡಂ ಬಯ್ಯಲಿಲ್ಲ. ಬಯ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ತುಂಬಿದ ಪೆಟ್ಟಿಗೆಯಿಂದ ಕಂದುಬಣ್ಣಕ್ಕೆ ತಿರುಗುತ್ತಿದ್ದ ಒಂದು ಹುಳುವನ್ನು ಇಕ್ಕಳದಿಂದ ಎತ್ತಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಎರಡು ಸೂಜಿಗಳಿಂದ ನಾಜೂಕಾಗಿ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು.

"ಬನ್ನಿ, ನೀವೇ ನೋಡಿ."

ಇನ್ನೊಂದಿಷ್ಟಣ್ಣ ಕನ್ನಡಕ ತೆಗೆದು ಕಣ್ಣಿಟ್ಟರು. ಮೊದಲು ಬರಿಯ ಬೆಳಕು. ಆಮೇಲೆ ನೀರಿನಲ್ಲಿ ತೇಲುವ ಬಿಳಿಯ ಮರಿಗಳು. ಒಂದು, ಎರಡು, ಮೂರು, ನಾಲ್ಕು. ಎರಡು ಆಗಲೇ ಮುದುಡಿ ಬಣ್ಣಗೆಟ್ಟಿದ್ದವು. ಉಳಿದೆರಡಕ್ಕೆ ಕುಡುಗೋಲಿನಂತಹ ದವಡೆ. ಒಂದರ ದವಡೆ ಇನ್ನೊಂದರ ಹೊಟ್ಟೆಯಲ್ಲಿ ನಾಟಿಕೊಂಡಿತ್ತು.

"ಅಯ್ಯೋ ಮೇಡಂ! ಕಚ್ಚಾಡ್ತಾ ಇವೆ!"

"ಒಂದು ಹುಳುವಿನೊಳಗೆ ಬೆಳೆಯೋಕೆ ಜಾಗ ಒಂದೇ ಮರಿಗೆ. ಎರಡನೇ ಮೊಟ್ಟೆ ಬಿದ್ರೆ ಜಗಳ ಶುರು. ಅದೃಷ್ಟ ಇದ್ರೆ ಒಂದು ಗೆದ್ದು ಉಳಿಯುತ್ತೆ, ಅದೂ ಬಡಕಲಾಗಿ. ಇಲ್ದಿದ್ರೆ ಎಲ್ಲಾ ಸಾಯ್ತವೆ, ಹುಳುವೂ ಸಾಯುತ್ತೆ. ತೊಟ್ಟಿಲೂ ಇಲ್ಲ, ಮಗೂನೂ ಇಲ್ಲ."

"ಇನ್ನೊಬ್ಬಳು ಆಗ್ಲೇ ಮೊಟ್ಟೆ ಇಟ್ಟಿದಾಳೆ ಅಂತ ಆ ತಾಯಿಗೆ ಗೊತ್ತಾಗಲ್ವಾ?"

"ಜಾಗ ಸಾಕಷ್ಟಿದ್ರೆ ಗುರುತು ಹಿಡಿದು ಬಿಟ್ಟುಹೋಗ್ತಾಳೆ. ಇಕ್ಕಟ್ಟಾದ್ರೆ ಎಲ್ಲಿ ಸಿಕ್ಕಿದ್ರೆ ಅಲ್ಲೇ ಇಡ್ತಾಳೆ. ಗಂಡಾಗೋ ಮೊಟ್ಟೆಗಳನ್ನೇ ಜಾಸ್ತಿ ಇಡ್ತಾಳೆ ಬೇರೆ. ತಾಯಿ ಹೆಚ್ಚಾದಷ್ಟೂ ಒಬ್ಬೊಬ್ಬಳ ಕೆಲಸ ಕಮ್ಮಿ, ಉಳಿಯೋ ಮಕ್ಕಳು ಇನ್ನೂ ಕಮ್ಮಿ."

ಇನ್ನೊಂದಿಷ್ಟಣ್ಣ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ, "ಮೂರು ಟವೆಲು" ಎಂದರು.

"ಏನಂದ್ರಿ?"

ನಿನ್ನೆಯ ಸ್ನಾನದ ಕತೆಯನ್ನು ಅವರು ಸೀನು ಸಮೇತ ಹೇಳಿದರು. ಮೇಡಂ ಮೇಜಿನ ಅಂಚು ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಕೆಲಸದ ಮಾತು ಬಂತು. ಎರಡು ಪೆಟ್ಟಿಗೆಗಳನ್ನೂ ಸೋಸಿ ನೋಡಿದಾಗ ಸಿಕ್ಕ ಗಟ್ಟಿ ತಾಯಂದಿರು ನಲವತ್ತಮೂರು. ಪೆಟ್ಟಿಗೆಗೆ ಐದರಂತೆ ಎಂಟು ಪೆಟ್ಟಿಗೆಗೆ ನಲವತ್ತು. ಒಂದು ಹಗಲಿಗೆ ಐನೂರು ಗೂಡು ಬಂದರೆ ಪುಣ್ಯ. ಬೇಕಾದದ್ದು ಸಾವಿರ, ಅದೂ ಇನ್ನೆರಡು ವಾರದೊಳಗೆ.

"ಮೇಡಂ, ಈ ತಾಯಿ ಒಂದು ಹಗಲು ಮೊಟ್ಟೆ ಇಟ್ಟ ಮೇಲೆ ಅವಳ ಹತ್ರ ಮುಗಿದುಹೋಗುತ್ತಾ?"

"ಇಲ್ಲ, ಇನ್ನೂ ನಾಲ್ಕೈದು ದಿನಕ್ಕಾಗುವಷ್ಟು ಇರುತ್ತೆ."

"ಮತ್ತೆ ನಾವು ಬೇರೆ ತಟ್ಟೆ ಇಟ್ರೆ? ಊಟದ ಮನೇಲಿ ಬಡಿಸೋನು ಒಂದೇ ಬೆಂಚಿನ ಮುಂದೆ ನಿಂತ್ಕೊಂಡ್ರೆ ಕೆಟ್ಟ. ಅಲ್ಲಿರೋನ ಹೊಟ್ಟೆ ಒಡೆಯುತ್ತೆ, ಆಚೆಯೋನು ಉಪವಾಸ. ನಡೀತಾ ಇರ್ಬೇಕು. ಇವರನ್ನೂ ದಿನಾ ಹೊಸ ಸಾಲಿಗೆ ನಡೆಸೋಣ."

ಮೇಡಂ ನಡುಕೋಣೆಯೊಳಗೆ ಇಣುಕಿ ಬಂದರು. "ಆಗುತ್ತೆ. ಹೊಸ ಹುಳು ನಡುಕೋಣೆ ತುಂಬ ಇದೆ. ಚುಚ್ಚಿಸಿಕೊಂಡ ಹುಳುಗಳನ್ನ ತಟ್ಟೆ ಸಮೇತ ಬೇರೆ ಕಡೆ ಇಡ್ಬೇಕು, ಜಾಗ ಹೊಂದಿಸ್ಕೋಬೇಕು. ಆದ್ರೆ ದಿನಾ ಬೆಳಿಗ್ಗೆ ನಲವತ್ತು ತಾಯಂದಿರನ್ನ ಒಬ್ಬೊಬ್ಬರಾಗಿ ಹಿಡಿದು ಸಾಗಿಸ್ಬೇಕಲ್ಲ. ಒಂದೇ ಒಂದು ಕಾಲು ಮುರೀಬಾರದು."

"ಸಾಗಿಸ್ತೀನಿ."

"ಐದು ಅಂದ್ರೆ?"

"ಐದು ಮೇಡಂ" ಎಂದರು ಇನ್ನೊಂದಿಷ್ಟಣ್ಣ, ಕಷ್ಟಪಟ್ಟು.

ಮೇ ೧೨ರಿಂದ ೧೫ರವರೆಗೆ, ಮಂಗಳವಾರದಿಂದ ಶುಕ್ರವಾರ, ಆ ಕೆಲಸ ನಡೆಯಿತು. ಹಿಡಿಯುವ ಸಾಧನ ಒಂದು ಗಾಜಿನ ಕೊಳವೆ ಮತ್ತು ರಬ್ಬರಿನ ನಳಿಕೆ. ನಡುವೆ ತೆಳುಬಟ್ಟೆಯ ತಡೆ. ನಳಿಕೆಯ ತುದಿಯನ್ನು ಬಾಯಲ್ಲಿಟ್ಟು ಉಸಿರೆಳೆದರೆ ತಾಯಿ ಕೊಳವೆಯೊಳಗೆ ಬರುತ್ತಾಳೆ; ಮೆಲ್ಲನೆ ಊದಿದರೆ ಹೊಸ ಹುಳುಗಳ ಪೆಟ್ಟಿಗೆಗೆ ಇಳಿಯುತ್ತಾಳೆ. ಹೆಚ್ಚು ಎಳೆದರೆ ತಡೆಗೆ ಬಡಿದು ರೆಕ್ಕೆ ಮುರಿಯುತ್ತದೆ, ಕಡಿಮೆ ಎಳೆದರೆ ಹಾರಿಹೋಗುತ್ತಾಳೆ. ಆ ನಾಲ್ಕು ದಿನ ಇನ್ನೊಂದಿಷ್ಟಣ್ಣ ಉಸಿರನ್ನೂ ಅಳೆದು ಬಳಸಿದರು.

"ಊಟಕ್ಕೆ ಮುಂಚೆ ಬಾಯಿ ಚೆನ್ನಾಗಿ ಮುಕ್ಕಳಿಸ್ರೀ" ಎಂದರು ಹೆಂಡತಿ. "ಯಾವ ತಾಯಿ ಹಲ್ಲಿನ ಸಂದೀಲಿ ಸಿಕ್ಕಿಹಾಕ್ಕೊಂಡಿದಾಳೋ."

ಹಿಡಿಯುವುದಕ್ಕಿಂತ ಕಷ್ಟವಾದದ್ದು ಐದರಲ್ಲಿ ನಿಲ್ಲಿಸುವುದು. ನಲವತ್ತಮೂರರಲ್ಲಿ ನಲವತ್ತು ಹೋದರೆ ಉಳಿದ ಮೂವರು ಒಂದು ಸೀಸೆಯಲ್ಲಿ ಜೇನಿನ ಚುಕ್ಕೆಯ ಮುಂದೆ ಕುಳಿತಿದ್ದರು. ಯಾವುದಾದರೂ ಪೆಟ್ಟಿಗೆಯಲ್ಲಿ ಒಬ್ಬಳು ಸತ್ತರೆ ಅವಳ ಬದಲಿಗೆ ಬೇಕೆಂದು ಮೇಡಂ ಉಳಿಸಿಕೊಂಡಿದ್ದರು. ಬುಧವಾರ ಬೆಳಿಗ್ಗೆ ಇನ್ನೊಂದಿಷ್ಟಣ್ಣನ ಕೈ ತಾನಾಗಿಯೇ ಸೀಸೆಯ ಕಡೆಗೆ ಹೋಯಿತು. ಪೆಟ್ಟಿಗೆಯಲ್ಲಿ ಐದು ಚುಕ್ಕೆಗಳು ಅತ್ತೊಂದು ಇತ್ತೊಂದು. ನೂರು ಹುಳುಗಳು ನಿಶ್ಚಿಂತೆಯಿಂದ ಎಲೆ ಮೇಯುತ್ತಿದ್ದವು. ಒಬ್ಬಳು, ಒಬ್ಬಳೇ ಒಬ್ಬಳು ಹೆಚ್ಚಾದರೆ ಏನು ಮಹಾ? ಕೊಳವೆ ತುಟಿಗೆ ಬಂತು. ಆರನೆಯವಳು ಒಳಗೆ ಬಂದಳು. ಪೆಟ್ಟಿಗೆಯ ಬಟ್ಟೆಯ ತೋಳಿನೊಳಗೆ ಕೈ ತೂರಿದ್ದೂ ಆಯಿತು. ಇನ್ನು ಊದುವುದೊಂದು ಬಾಕಿ. ಆಗ ಅವರ ಕಣ್ಣಿಗೆ ಕಟ್ಟಿದ್ದು ಆ ಕುಡುಗೋಲಿನ ದವಡೆ. ಉಸಿರು ಬಿಗಿಹಿಡಿದು ಕೈ ಹಿಂದೆ ತೆಗೆದು, ಅವಳನ್ನು ಸೀಸೆಗೇ ಊದಿ, ಮುಚ್ಚಳ ತಿರುಗಿಸಿ, ಸೀಸೆಯನ್ನು ಕಣ್ಣಿಗೆ ಬೀಳದಂತೆ ಅಲಮಾರಿನ ಹಿಂದಿಟ್ಟರು.

ಗುರುವಾರ, ಮೇ ೧೪, ಕಾರ್ಯದರ್ಶಿ ಬಂದರು. ಚುಚ್ಚಿಸಿಕೊಂಡ ಹುಳುಗಳ ತಟ್ಟೆಗಳು ಜಾಗ ಸಾಲದೆ ಕಚೇರಿಯ ಬೆಂಚಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕಾರ್ಯದರ್ಶಿಯ ಮೇಜಿನ ಕೆಳಗೆ ಸಹ ಹೋಗಿ ಕುಳಿತಿದ್ದವು. ಕಾಲಿಡಲು ಸ್ಥಳವಿಲ್ಲದ ಕೋಪದಲ್ಲಿ ಒಳಕೋಣೆಗೆ ಬಂದವರು ಪೆಟ್ಟಿಗೆಯೊಳಗೆ ಇಣುಕಿ ಮೂಗಿನ ಮೇಲೆ ಬೆರಳಿಟ್ಟರು.

"ಇದೇನಣ್ಣ! ನಮ್ಮ ಸಂಘದ ಸಭೆಗೆ ಬರೋಷ್ಟು ಜನಾನೂ ಇಲ್ವಲ್ಲ ಇಲ್ಲಿ!"

"ಐದು ಜನ ಇದಾರೆ ಸಾರ್."

"ಐದು ಜನ ಕಟ್ಕೊಂಡು ಸಾವಿರ ಗೂಡು ತೆಗೀತೀಯಾ? ಹೋದ ವಾರ ಗಿಜಿಗುಡ್ತಾ ಇತ್ತು, ಆಗ್ಲೇ ಬರಲಿಲ್ಲ. ಆ ಸೀಸೇಲಿ ಇರೋರು ಯಾರು, ಅತಿಥಿಗಳಾ?" ಅಲಮಾರಿನ ಹಿಂದೆ ಇಟ್ಟ ಸೀಸೆಯೂ ಆ ಅವಸರದ ಕಣ್ಣಿಗೆ ಬಿದ್ದುಬಿಟ್ಟಿತ್ತು. "ಅವರನ್ನೂ ಬಿಡು. ಬಿಡಯ್ಯಾ, ಇನ್ನೊಂದಿಷ್ಟು ಬಿಡು!"

ಮೂವತ್ತೈದು ವರ್ಷಗಳಿಂದ ತಾವು ಊರಿಗೆಲ್ಲ ಬಡಿಸಿದ ಮಾತು ತಮ್ಮ ತಟ್ಟೆಗೇ ಬಂದು ಬಿದ್ದಾಗ ಇನ್ನೊಂದಿಷ್ಟಣ್ಣ ಒಂದು ಕ್ಷಣ ಬೆಪ್ಪಾದರು. ಹೇಳಿದವರು ಮೇಲಿನವರು, ಗೋಡೆಯ ಮೇಲೆ ಬಡಗಿಯ ಗೀಟು ಇನ್ನೂ ಇದೆ, ಮೇಡಂ ಬರುವುದು ಸೋಮವಾರ. ಅವರು ಎದ್ದು ಪೆಟ್ಟಿಗೆಗೂ ಕಾರ್ಯದರ್ಶಿಗೂ ನಡುವೆ ನಿಂತು, ಊಟದ ಮನೆಯ ಹುಡುಗರು ಹಿಡಿಯುತ್ತಿದ್ದಂತೆಯೇ ಎರಡು ಅಂಗೈಗಳನ್ನೂ ಅಡ್ಡ ಹಿಡಿದರು.

"ಸಾಕು ಸಾರ್."

"ಏನಂದೆ?"

"ಸಾಕು ಅಂದೆ."

ಕಾರ್ಯದರ್ಶಿಗೆ ತಮ್ಮ ಕಿವಿಯನ್ನು ನಂಬಲಾಗಲಿಲ್ಲ. "ನೀನು? ನೀನು ಸಾಕು ಅಂತೀಯಾ?" ಎಂದು ಎರಡು ಸಲ ಕೇಳಿ, ಮೈ ಸರಿಯಿದೆಯೇ ಎಂದು ವಿಚಾರಿಸಿ, ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಹಿಡಿದುಕೊಂಡು ಹೊರಗೆ ಹೋದರು.

ಮೇ ೨೦ರ ಬೆಳಿಗ್ಗೆ ಮಂಗಳವಾರದ ತಟ್ಟೆಗಳಲ್ಲಿ ಗೂಡು ಕಾಣಿಸಿಕೊಂಡಿತು. ಸಾಸಿವೆ ಎಲೆಯ ತೊಟ್ಟಿಗೆ, ತಟ್ಟೆಯ ಅಂಚಿಗೆ, ಎಲ್ಲೆಂದರಲ್ಲಿ ಬಿಳಿಯ ಅಕ್ಕಿಕಾಳು ಅಂಟಿಸಿದಂತೆ. ನಾನೂರ ತೊಂಬತ್ತೆರಡು. ಮರುದಿನ ಐನೂರ ಹದಿನೇಳು. ಕಾರ್ಯದರ್ಶಿಯ ಮೇಜಿನ ಕೆಳಗಿನ ತಟ್ಟೆಗಳು ಗೂಡು ಕಟ್ಟಿದ್ದು ಶುಕ್ರವಾರ. ಆ ಹೊತ್ತಿಗೆ ಅವರು ಕಾಲು ಮಡಿಸಿ ಕುರ್ಚಿಯ ಮೇಲಿಟ್ಟುಕೊಂಡೇ ಕೆಲಸ ಮಾಡುವುದನ್ನು ರೂಢಿಸಿಕೊಂಡಿದ್ದರು, ಬಂದವರಿಗೆಲ್ಲ "ಮೆಲ್ಲಗೆ, ಮೆಲ್ಲಗೆ, ಕೆಳಗೆ ಬಾಣಂತನ ನಡೀತಿದೆ" ಎನ್ನುತ್ತಿದ್ದರು. ಶನಿವಾರದ ಗೂಡುಗಳನ್ನೂ ಕೂಡಿಸಿದಾಗ ಒಟ್ಟು ಸಾವಿರದ ಒಂಬೈನೂರ ಎಂಟು ಬಂತು.

ಮೇ ೨೫, ಸೋಮವಾರ. ಬೆಳೆಗಾರರು ಸಂಘದ ಅಂಗಳದಲ್ಲಿ ಸಾಲಾಗಿ ನಿಂತರು. ಇನ್ನೊಂದಿಷ್ಟಣ್ಣ ಮೇಜಿನ ಹಿಂದೆ, ಮಗ್ಗುಲಲ್ಲಿ ಮೇಡಂ, ಮುಂದೆ ಕಾಗದದ ಲೋಟಗಳು. ಒಂದು ತೋಟಕ್ಕೆ ಇಷ್ಟೇ ಗೂಡು, ಒಂದು ಲೋಟಕ್ಕೂ ಇನ್ನೊಂದಕ್ಕೂ ಇಷ್ಟು ಅಂತರ ಎಂದು ಅವರು ಹೇಳುತ್ತಿದ್ದ ಗಾಂಭೀರ್ಯವನ್ನು ನೋಡಿ ಹಳಬರು ಒಬ್ಬರನ್ನೊಬ್ಬರು ತಿವಿದುಕೊಂಡರು.

"ಅಣ್ಣ, ನನ್ನ ತೋಟಕ್ಕೆ ಇನ್ನೊಂದಿಷ್ಟು ಹಾಕು" ಎಂದ ಸಾಲಿನಲ್ಲಿದ್ದ ಒಬ್ಬ, ಬೇಕೆಂದೇ.

"ಹುಳು ಎಷ್ಟಿದೆ ನೋಡ್ಕೊಂಡು ಬಾ, ಆಮೇಲೆ ಕೇಳು" ಎಂದರು ಇನ್ನೊಂದಿಷ್ಟಣ್ಣ. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಮೇಡಂ ಮಾತ್ರ ನಗದೆ ತಲೆಯಾಡಿಸಿದರು.

ಕೊನೆಯ ಲೋಟ ಹೋಗುವ ಹೊತ್ತಿಗೆ ಬಡಗಿ ಹಲಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿಳಿದ. ಅಳತೆಯ ದಿನವೇ ಕೆಲಸ ಒಪ್ಪಿಸಿದ್ದ ಕಾರ್ಯದರ್ಶಿ ಅವನಿಗೆ ಬೇಡವೆಂದು ಹೇಳಿಕಳುಹಿಸುವುದನ್ನು ಮರೆತುಬಿಟ್ಟಿದ್ದರು. "ಅಟ್ಟಣೆ ಎಲ್ಲಿ ಸಾರ್ ನಿಲ್ಲಿಸ್ಲಿ?" ಎಂದು ಅವನು ಕೇಳಿದಾಗ ಇನ್ನೊಂದಿಷ್ಟಣ್ಣನ ಕೈಯಲ್ಲಿದ್ದ ಮೇಜು ಒರೆಸುವ ಬಟ್ಟೆ ಕೆಳಗೆ ಬಿತ್ತು.

ಕಾರ್ಯದರ್ಶಿ ತಲೆ ಕೆರೆದುಕೊಂಡರು, ಹಲಗೆಗಳನ್ನು ನೋಡಿದರು, ಕಚೇರಿಯ ತೆರೆದ ಬಾಗಿಲಿನಿಂದ ಕಾಣುತ್ತಿದ್ದ ತಮ್ಮ ಮೇಜಿನ ಕೆಳಗೆ ನೋಡಿದರು.

"ಅದೇ ಕೋಣೇಲಿ, ಅದೇ ಗೋಡೆಗೆ" ಎಂದರು. "ಆದ್ರೆ ಕ್ರೇಟಿಗಲ್ಲ, ಇವನ ತಟ್ಟೆಗಳಿಗೆ. ನಾನು ಇನ್ನು ಕಾಲು ಕೆಳಗಿಟ್ಟು ಕೂತ್ಕೋಬೇಕು ಮಾರಾಯ. ಕ್ರೇಟಿಗೆ ಅಂಗಳದಲ್ಲಿ ಒಂದು ಚಪ್ಪರ ಹಾಕು."

ಸಂಜೆ ಇನ್ನೊಂದಿಷ್ಟಣ್ಣ ಮನೆಗೆ ಬಂದಾಗ ಹಿತ್ತಿಲಿನ ಹಗ್ಗದ ಮೇಲೆ ಮಗುವಿನ ಟವೆಲು ಒಂದೇ ಒಂದಿತ್ತು. ಅಂದು ಚಿಕ್ಕಕ್ಕನ ಸರದಿ. ಉಳಿದಿಬ್ಬರು ಅಕ್ಕಂದಿರು ಜಗಲಿಯಲ್ಲಿ ಕುಳಿತು, ಚಿಕ್ಕಕ್ಕ ಮಗುವನ್ನು ಎತ್ತಿಕೊಂಡ ರೀತಿ ಸರಿಯಿಲ್ಲವೆಂಬ ವಿಷಯದಲ್ಲಿ ಪೂರ್ಣ ಸಹಮತದಿಂದಿದ್ದರು. ಮಗುವಿನ ನೆಗಡಿ ಬಿಟ್ಟು ವಾರವಾಗಿತ್ತು.

ಕೋಣೆ ಉಳಿದ ಸುದ್ದಿ ಕೇಳಿದ ಹೆಂಡತಿ ಹೊಲಿಗೆಯ ಯಂತ್ರ ನಿಲ್ಲಿಸಿ, "ಹಾಗಾದ್ರೆ ಪೆಟ್ಟಿಗೆಗಳ ತೋಳು ತಂದ್ಕೊಡಿ, ಆರು ವರ್ಷ ಆಯ್ತು, ಹಿಂಜಿರುತ್ತೆ. ಹೊಸದು ಹೊಲಿದುಕೊಡ್ತೀನಿ" ಎಂದರು. ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು. "ಸೌಟು ಹಿಡ್ಕೊಳ್ಳೋದು ಇವತ್ತು ನಾನೇ" ಎಂದು ಇನ್ನೊಂದಿಷ್ಟಣ್ಣ ಹಟ ಹಿಡಿದರು. ಅಕ್ಕಂದಿರ ತಟ್ಟೆಗಳನ್ನು ದಾಟಿ, ಮಗಳ ತಟ್ಟೆಯನ್ನು ದಾಟಿ, ಹೆಂಡತಿಯ ಮುಂದೆ ಬಂದು ನಿಂತರು.

"ಬೇಡ" ಎಂದು ಹೆಂಡತಿ ಕೈ ಅಡ್ಡ ಹಿಡಿದರು. "ಐದು ಅಂದ್ರೆ ಐದು ಅಂತ ಊರಿಗೆಲ್ಲ ಹೇಳಿ ಬಂದಿದೀರಂತಲ್ಲ."

"ಅದು ಕಣಜಕ್ಕೆ ಕಣೆ" ಎಂದು ಇನ್ನೊಂದಿಷ್ಟಣ್ಣ ಬೆರಳ ಸಂದಿಯಿಂದ ಬಡಿಸಿದರು.